ಮಾದ್ಲಕೊಪ್ಪದ ಕೆರೆಗೆ ದಾವೂದನ ಲೋಡು

ಶಿರಸಿಯಲ್ಲಿ ಟೆಂಪೋ ದಾವೂದ್ ಯಾರು ಅಂತ ಗೊತ್ತಿಲ್ಲದವನು ಒಂದೋ ಪರಊರಿನವನು, ಇಲ್ಲವೇ ಜನ್ಮದಲ್ಲಿ ಒಮ್ಮೆಯೂ ಬಾಡಿಗೆ ಮನೆ ಬದಲಿಸದ ಪುಣ್ಯವಂತ. ಮಿಕ್ಕವರ ಸಂಸಾರವೆಲ್ಲ ಒಂದಲ್ಲ ಒಂದು ದಿನ ಅವನ ಟೆಂಪೋದ ಬೆನ್ನ ಮೇಲೆ ಊರು ಸುತ್ತಿದೆ. ಯಾರ ಗಾದಿಯಲ್ಲಿ ತಿಗಣೆ, ಯಾರ ಕಪಾಟಿಗೆ ಹಿಂದಿನ ಹಲಗೆಯೇ ಇಲ್ಲ, ಯಾವ ದೊಡ್ಡ ಮನುಷ್ಯರು ಕೆಟ್ಟ ಫ್ರಿಜ್ಜಿನಲ್ಲಿ ಚಪ್ಪಲಿ ಇಡುತ್ತಾರೆ, ಎಲ್ಲ ಅವನಿಗೆ ಗೊತ್ತು. ಹೇಳುವುದಿಲ್ಲ. ಹೇಳುವುದಿಲ್ಲ ಅಂತ ಹೇಳಿಯೇ ಅರ್ಧ ಹೇಳಿಬಿಡುತ್ತಾನೆ, ಅದು ಬೇರೆ ಮಾತು.

ಅವನಪ್ಪ ಯಲ್ಲಾಪುರದವರು. ಅರಬೈಲ್ ಘಾಟಿಯಲ್ಲಿ ಮೂವತ್ತು ವರ್ಷ ಲಾರಿ ಇಳಿಸಿ ಹತ್ತಿಸಿ, ಕೊನೆಗೆ ಮನೆಯ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡ ಮನುಷ್ಯ. ಮಗನಿಗೆ ಆಸ್ತಿ ಅಂತ ಬಿಟ್ಟು ಹೋದದ್ದು ಎರಡು ಉಪದೇಶ. ಒಂದು, ಹತ್ತಿದ ಗೇರಿನಲ್ಲೇ ಇಳಿ. ಎರಡು, ಲೋಡು ಏನು ಅಂತ ಕೇಳಬೇಡ, ಎಲ್ಲಿಗೆ ಅಂತ ಕೇಳು. ಮೊದಲನೆಯದನ್ನು ದಾವೂದ್ ಆಗಾಗ ಮರೆತದ್ದುಂಟು. ಎರಡನೆಯದನ್ನು ಮಾತ್ರ ಐದು ಹೊತ್ತಿನ ನಮಾಜಿಗಿಂತ ನಿಷ್ಠೆಯಿಂದ ಪಾಲಿಸಿದ.

ಟೆಂಪೋದ ಹಣೆಯ ಮೇಲೆ ಮಗಳ ಹೆಸರು, ‘ಸಾಮಿಯಾ’ ಅಂತ, ಸುತ್ತ ಗುಲಾಬಿ ಹೂವು. ಹೆಂಡತಿ ನಜೀಮಾಳದ್ದು ಇದರ ಮೇಲೆ ನಿತ್ಯದ ತಕರಾರು. “ಮಗಳ ಹುಟ್ಟಿದ ದಿನ ಮರೀತೀರಿ, ಟೆಂಪೋದ ಆಯಿಲ್ ಬದಲಿಸೋ ದಿನ ಮರೆಯೋದಿಲ್ಲ. ಅದನ್ನೇ ನಿಕಾ ಮಾಡ್ಕೊಳ್ಳೋದಿತ್ತು.”

“ಅದು ಎದುರು ಮಾತಾಡೋದಿಲ್ಲಲ್ಲ,” ಎಂದು ದಾವೂದ್ ಗಡ್ಡಕ್ಕೆ ಮೆಹೆಂದಿ ಹಚ್ಚಿಕೊಳ್ಳುತ್ತ ಹೇಳಿ, ಆ ದಿನ ತಣ್ಣಗಿನ ಚಹಾ ಕುಡಿಯುತ್ತಿದ್ದ.

ಇಂಥವನ ಬಾಳಿಗೆ ಶಂಭುಲಿಂಗ ಸಾವಕಾರ ಬಂದ. ಬನವಾಸಿ ರಸ್ತೆಯ ಪಕ್ಕದಲ್ಲಿ ಅವನದೊಂದು ಸಿಹಿ ಸುಪಾರಿ ಕಾರ್ಖಾನೆ. ಅಡಿಕೆಯನ್ನು ಚೂರು ಮಾಡಿ, ಕುಂಕುಮವೂ ನಾಚುವಂಥ ಬಣ್ಣದಲ್ಲಿ ಅದ್ದಿ, ಮಿಣಮಿಣ ಪೊಟ್ಟಣದಲ್ಲಿ ತುಂಬಿ ದೇಶಕ್ಕೆಲ್ಲ ಕಳಿಸುವುದು. ದೇಶಕ್ಕೆ ಹೋಗದೆ ಉಳಿದದ್ದು, ಅಂದರೆ ಬಣ್ಣದ ರಾಡಿ, ಒಡಕು ಡ್ರಮ್ಮು, ತಪ್ಪು ಮುದ್ರಣವಾದ ಪೊಟ್ಟಣ, ಅದೆಲ್ಲ ವಾರಕ್ಕೆ ಎರಡು ಸಲ ದಾವೂದನ ಟೆಂಪೋಕ್ಕೆ. ದಾವೂದನಿಗೆ ಓದು ಅಷ್ಟಕ್ಕಷ್ಟೇ ಅಂತ ಸಾವಕಾರ ಫೋನಿನಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದ: “ದಾವೂದಾ, ಲೋಡು ರೆಡಿ ಐತಿ. ಗುಂಡಿಗೆ ಹಾಕಿ ಬಾ.”

ಎಲ್ಲಿಗೆ ಅಂತ ಕೇಳುವ ಪ್ರಮೇಯವೂ ಇರಲಿಲ್ಲ. ಗುಂಡಿ ಎಂದರೆ ಮಾದ್ಲಕೊಪ್ಪದ ಮೇಲಿನ ಗುಡ್ಡದಲ್ಲಿ, ಅಕೇಶಿಯಾ ತೋಪಿನ ಹಿಂದೆ ಇರುವ ಹಳೇ ಕಲ್ಲಿನ ಗುಂಡಿ. ಯಾವ ಕಾಲದಲ್ಲೋ ಯಾರೋ ಕಲ್ಲು ತೆಗೆದು ಬಿಟ್ಟು ಹೋದದ್ದು. ಗುಂಡಿ ಇರುವುದೇ ತುಂಬುವುದಕ್ಕೆ ಅಂತ ದಾವೂದನ ತಿಳಿವಳಿಕೆ. ಲೋಡು ಕೊಡವಿ, ತಾಡಪಾಲು ಮಡಚಿ, ಬೇರೆ ದಾರಿಯಿಂದ ಕೆಳಗಿನ ಹಿರೇಕೆರೆಗೆ ಇಳಿದು, ಟೆಂಪೋವನ್ನು ಆ ಕೆರೆಯ ನೀರಿನಲ್ಲೇ ಸ್ನಾನ ಮಾಡಿಸುತ್ತಿದ್ದ. ಆಮೇಲೆ ಕೆರೆಯ ಕೆಳಗಿನ ಗದ್ದೆಯ ಸಿದ್ದವ್ವನ ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ಮಜ್ಜಿಗೆ ಕುಡಿದು, ಒಂದು ಗಂಟೆ ಹರಟೆ ಹೊಡೆದು, ಊರಿಗೆ ಬರುತ್ತಿದ್ದ.

ಸಿದ್ದವ್ವ ಅಂದರೆ ಮಾದ್ಲಕೊಪ್ಪದ ಅರ್ಧ ಗಂಡಸರು ದಾರಿ ಬದಲಿಸುವ ಹೆಣ್ಣುಮಗಳು. ಅರವತ್ತರ ಹತ್ತಿರ. ಎರಡು ಎಮ್ಮೆ, ಎರಡೆಕರೆ ಭತ್ತ, ಮತ್ತು ಎರಡು ಊರಿಗೆ ಸಾಲುವಷ್ಟು ಬಾಯಿ. ದಾವೂದನ ಮೇಲೆ ಮಾತ್ರ ಪ್ರೀತಿ, ಯಾಕೆಂದರೆ ಅವಳ ಬೈಗುಳಕ್ಕೆ ನಗುತ್ತಿದ್ದವನು ಅವನೊಬ್ಬನೇ. “ಬನವಾಸಿಗೆ ಬಾಡಿಗಿ ಬಂದಿದ್ದೇನ ದಾವೂದಣ್ಣಾ? ಬರ್ರಿ, ಕೂಡ್ರಿ, ಮಜ್ಜಿಗಿ ಕುಡೀರಿ. ಹೊಟ್ಟಿ ನೋಡಿದ್ರ ಬ್ಯಾಡ ಅನಸ್ತೈತಿ, ಇರಲಿ,” ಅನ್ನುತ್ತಿದ್ದಳು. ಬಾಡಿಗೆ ಬನವಾಸಿಗಲ್ಲ ಅಂತ ಅವನೂ ಹೇಳಲಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಕೆರೆ ಕೆಂಪಗಾಯಿತು. ಎಲೆಯಡಿಕೆ ಹಾಕಿದವನು ಉಗುಳಿದ ಹಾಗೆ ಮೊದಲು ಒಂದು ಮೂಲೆ, ಆಮೇಲೆ ಪೂರ್ತಿ. ಸಿದ್ದವ್ವನ ಒಂದು ಎಮ್ಮೆ ದಿನ ತುಂಬುವ ಮೊದಲೇ ಕರುವನ್ನು ಕಳೆದುಕೊಂಡಿತು. ಗದ್ದೆಯಲ್ಲಿ ನಿಂತವರ ಕಾಲೆಲ್ಲ ಗುಳ್ಳೆ. ದಾವೂದ್ ನೋಡಿದ. ಗುಡ್ಡದ ಮೇಲಿನ ಗುಂಡಿ ಕೆಳಗಿನ ಕೆರೆಗೆ ಸೋರುತ್ತದೆ ಅನ್ನುವುದಕ್ಕೆ ಪಂಡಿತನಾಗಬೇಕಿಲ್ಲ. ಆದರೂ ತಿಳಿಯದವನಂತೆ ಇದ್ದ. ತಿಳಿದರೆ ಕೆಲಸ ಬಿಡಬೇಕಲ್ಲ! ಅವತ್ತಿನಿಂದ ಟೆಂಪೋವನ್ನು ಊರಿನ ನಲ್ಲಿಯಲ್ಲಿ ತೊಳೆಯತೊಡಗಿದ, ಅಷ್ಟೇ. ಮನುಷ್ಯನ ಮರ್ಯಾದೆ ನೋಡಿ, ತನ್ನ ಗಾಡಿಗೆ ಮಾತ್ರ ಆ ನೀರು ಬೇಡ.

ಸಿದ್ದವ್ವ ಸುಮ್ಮನಿರುವ ಜಾತಿಯಲ್ಲ. ಕಂಡ ಕಚೇರಿಗೆಲ್ಲ ಹೋಗಿ ಕೂಗಾಡಿ, ಕೊನೆಗೆ ಶಿರಸಿಯ ಅನಂತಮೂರ್ತಿಯವರ ಬಾಗಿಲಿಗೆ ಬಂದಳು. ಅವರು ಸಿದ್ದಾಪುರ ತಾಲೂಕಿನ ಹೆಗ್ಗರಣೆ ಕಡೆಯವರು, ನಿವೃತ್ತ ಮಾಸ್ತರು. ಊರು ಕರೆಯುವುದು ಅರ್ಜಿ ಅನಂತಮೂರ್ತಿ ಅಂತ. ಬೀದಿ ದೀಪದಿಂದ ಹಿಡಿದು ಬಸ್ಸಿನ ಕಿಟಕಿಯ ಗಾಜಿನವರೆಗೆ ಅವರು ಅರ್ಜಿ ಹಾಕದ ವಿಷಯವಿಲ್ಲ. “ಅರ್ಜಿಗೆ ಬಗ್ಗೋ ಕೇಸಲ್ಲ ಇದು. ಬೆಂಗಳೂರಿನಲ್ಲಿ ಒಂದು ವಕೀಲರ ಕಂಪನಿ ಇದೆ, ಕೆರೆ-ಕಾಡಿನ ಕೇಸನ್ನೇ ನಡೆಸ್ತಾರೆ, ಬರೀತೆ ತಡಿ,” ಎಂದರು.

ಹಾಗೆ ಒಂದು ಬೆಳಿಗ್ಗೆ ಬೆಂಗಳೂರು ಬಸ್ಸಿನಿಂದ ವಕೀಲೆ ವೇದಾ ಇಳಿದಳು. ಮೂವತ್ತರ ಹುಡುಗಿ, ಬೆನ್ನಿಗೆ ಚೀಲ, ಕೈಯಲ್ಲಿ ಕೆರೆಯ ನೀರು ತುಂಬಿಸಿಕೊಳ್ಳಲು ಗಾಜಿನ ಬಾಟಲಿಗಳ ಪೆಟ್ಟಿಗೆ. ಅನಂತಮೂರ್ತಿಯವರ ಸ್ಕೂಟರು ಅವತ್ತೇ ಕೈ ಕೊಟ್ಟಿತ್ತು. ಅವರು ಕರೆದದ್ದು ಯಾರನ್ನು? ಅಗ್ಗಕ್ಕೆ ಬರುವವನು ಒಬ್ಬನೇ. ಕಳ್ಳನನ್ನು ಹಿಡಿಯಲು ಹೊರಟವರು ಕಳ್ಳನ ಗಾಡಿಯಲ್ಲೇ ಹತ್ತಿ ಕೂತರು. ವಕೀಲೆಗೂ ದಾವೂದನಿಗೂ ನಡುವೆ ಇದ್ದದ್ದು ಗೇರಿನ ಕೋಲು ಒಂದೇ.

ಅದು ಒಂದೇ ದಿನಕ್ಕೆ ಮುಗಿಯಲಿಲ್ಲ. ನಾಲ್ಕೈದು ಸಲ ಬಂದಳು, ಪ್ರತಿ ಸಲವೂ ದಾವೂದನ ಟೆಂಪೋವೇ. ದಾರಿಯುದ್ದಕ್ಕೂ ಅವನು ಕೇಳುವನು, ಅವಳು ಹೇಳುವಳು.

“ಮೇಡಂ, ನಮ್ಮ ಅಪ್ಪನ ಕಾಲದಲ್ಲಿ ಇಲ್ಲಿ ಜನ ಮರ ಅಪ್ಪಿಕೊಂಡು ಕಾಡು ಉಳಿಸಿದ್ರು. ನೀವು ಎಂತ ಅಪ್ಪಿಕೊಳ್ತೀರಿ?”

“ನಾವು ಫೈಲ್ ಅಪ್ಪಿಕೊಳ್ತೀವಿ,” ಎಂದಳು ವೇದಾ. “ನಗಬೇಡಿ. ಕೋರ್ಟಿಗೆ ಮೂಗಿಲ್ಲ ದಾವೂದ್ ಭಾಯ್. ಕೆರೆ ನಾರುತ್ತೆ ಅಂದರೆ ನಂಬಲ್ಲ. ಯಾವ ತಾರೀಖು, ಯಾವ ಜಾಗ, ನೀರಲ್ಲಿ ಏನಿದೆ, ಯಾರು ಹಾಕಿದ್ದು, ಯಾರಿಗೆ ತೊಂದರೆ ಆಯ್ತು, ಎಲ್ಲ ಕಾಗದದ ಮೇಲೆ ಬರಬೇಕು. ತೊಂದರೆ ಆದವರ ಹೆಸರಲ್ಲೇ ಕೇಸು ಹಾಕಬೇಕು, ಅದೂ ಆರು ತಿಂಗಳೊಳಗೆ. ಬೆಂಗಳೂರಿಂದ ನಾನು ಬಂದು ಅಳ್ತಾ ಕೂತರೆ ಕೇಳೋರಿಲ್ಲ. ಸಿದ್ದವ್ವ ಅಳಬೇಕು.”

“ಅವಳು ಅಳೋದಿಲ್ಲ, ಬೈತಾಳೆ.”

“ಅದನ್ನ ನಾನು ಇಂಗ್ಲಿಷಿಗೆ ಹಾಕ್ತೀನಿ. ಅಲ್ಲಿಗೆ ಹೋಗೋಷ್ಟರಲ್ಲಿ ತಣ್ಣಗಾಗಿರುತ್ತೆ.”

ಇನ್ನೊಂದು ದಿನ ಅವನು ಕೇಳಿದ, “ನಿಮ್ಮಂಥ ಕಂಪನಿಯವರೇ ಸಾವಕಾರರ ಕಡೆಗೂ ಇರ್ತಾರಂತಲ್ಲ?”

“ಇರ್ತಾರೆ. ನಮ್ಮದಕ್ಕಿಂತ ಹತ್ತು ಪಟ್ಟು ದೊಡ್ಡ ಆಫೀಸು, ತಣ್ಣನೆ ಏಸಿ. ನಮ್ಮದು ನಾವೇ ಕಸ ಗುಡಿಸ್ಕೊಳ್ಳೋ ಆಫೀಸು. ಫ್ಯಾನು, ಅದೂ ಕಿರುಗುಟ್ಟುತ್ತೆ.” ಆಮೇಲೆ ಸಹಜವಾಗಿ ಕೇಳಿದಳು, “ನೀವು ಈ ದಾರೀಲಿ ಓಡಾಡೋರು. ಕಸದ ಗಾಡಿ ಏನಾದ್ರೂ ಕಂಡಿದ್ದುಂಟಾ?”

“ನಾವು ಡ್ರೈವರು ಮೇಡಂ. ರಸ್ತೆ ಬಿಟ್ಟು ಬೇರೆ ನೋಡಿದ್ರೆ ಎಲ್ಲಾರೂ ಗುಂಡಿಗೆ,” ಎಂದ ದಾವೂದ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಕನ್ನಡಿಯಲ್ಲಿ ಹಿಂದಿನ ತಾಡಪಾಲನ್ನು ನೋಡಿಕೊಂಡ.

ಭಯ ಅವನಿಗೆ ಜೈಲಿನದಲ್ಲ. ಜೈಲಿನಲ್ಲಿ ಊಟ ಹಾಕುತ್ತಾರೆ ಅಂತ ಕೇಳಿದ್ದ. ಭಯ ಟೆಂಪೋದ್ದು. ಜಪ್ತಿಯಾದ ಗಾಡಿಗಳು ಠಾಣೆಯ ಹಿಂದೆ ಹೇಗೆ ನಿಂತಿರುತ್ತವೆ ಅಂತ ಅವನು ದಿನಾ ನೋಡುತ್ತಿದ್ದ. ಚಕ್ರ ಕೂತು, ಸೀಟಿನಲ್ಲಿ ನಾಯಿ ಮರಿ ಹಾಕಿ, ಬಾನೆಟ್ಟಿನಿಂದ ಆಲದ ಗಿಡ ಎದ್ದು, ಕೇಸು ಮುಗಿಯುವಷ್ಟರಲ್ಲಿ ಗಾಡಿ ಯಾವುದು ಗಿಡ ಯಾವುದು ಅಂತ ತಿಳಿಯುವುದಿಲ್ಲ. ‘ಸಾಮಿಯಾ’ ಅಲ್ಲಿ ಹೋಗಿ ನಿಂತರೆ ಮನೆಯ ಒಲೆ ನಿಲ್ಲುತ್ತದೆ. ಐವತ್ನಾಲ್ಕನೇ ವಯಸ್ಸಿನಲ್ಲಿ ಇನ್ನೊಬ್ಬರ ಗಾಡಿಗೆ ಡ್ರೈವರಾಗಲು ಯಾರು ಕರೆಯುತ್ತಾರೆ?

ಗುಂಡಿಯಲ್ಲಿ ಬಿದ್ದ ಪೊಟ್ಟಣದ ಹೆಸರು ನೋಡಿ, ಶಂಭುಲಿಂಗನ ಮೇಲೆ ಕೇಸು ಹಸಿರು ನ್ಯಾಯಮಂಡಳಿಗೆ ಹೋಯಿತು. ಅದು ಚೆನ್ನೈಯಲ್ಲಿದ್ದರೂ ಈಗ ಎಲ್ಲ ಫೋನಿನ ಪರದೆಯಲ್ಲೇ ನಡೆಯುತ್ತದೆ. ಶಂಭುಲಿಂಗ ಲೋಡು ಕಳಿಸುವುದನ್ನು ನಿಲ್ಲಿಸಿ, ದೊಡ್ಡ ವಕೀಲರನ್ನು ಹಿಡಿದು, ತನ್ನ ಕಾರ್ಖಾನೆಯಿಂದ ಒಂದು ಹನಿಯೂ ಹೊರಗೆ ಹೋಗುವುದಿಲ್ಲ, ಹೋಳಿ ಹಬ್ಬದ ಬಣ್ಣ ತೊಳೆದು ಊರಿನವರೇ ಕೆರೆ ಕೆಡಿಸಿದ್ದಾರೆ ಅಂತ ಹೇಳಿಸಿದ. ತಿಂಗಳುಗಟ್ಟಲೆ ಬಿಡದೆ ಹೋಳಿ ಆಡುವ ಊರು! ವೇದಾಳ ಬಾಟಲಿಗಳನ್ನು ಅವನ ವಕೀಲರು ಒಪ್ಪಲಿಲ್ಲ. ಕೊನೆಗೆ ನ್ಯಾಯಮಂಡಳಿ, ನಾಲ್ಕು ಅಧಿಕಾರಿಗಳ ಜಂಟಿ ಸಮಿತಿ ಹೋಗಿ ಕಣ್ಣಾರೆ ನೋಡಿ ವರದಿ ಕೊಡಲಿ ಎಂದಿತು. ಸಮಿತಿ ಬರುವುದು ಜೂನ್ ಕೊನೆಯ ಗುರುವಾರ.

“ಈ ವರದಿ ಮೇಲೇ ಎಲ್ಲ ನಿಂತಿದೆ,” ಎಂದು ವೇದಾ ಫೋನಿನಲ್ಲಿ ಅನಂತಮೂರ್ತಿಯವರಿಗೆ ಹೇಳಿದ್ದಳು. “ಮಳೆ ಬಿದ್ದು ಕೆರೆ ನೀರು ತಿಳಿಯಾಗಿರುತ್ತೆ. ಉಳಿದಿರೋ ಸಾಕ್ಷಿ ಅಂದ್ರೆ ಗುಂಡಿ ಒಂದೇ. ಯಾರೂ ಮುಟ್ಟಬಾರದು.”

ಈ ಮಾತನ್ನು ಅನಂತಮೂರ್ತಿಯವರು ಊರಿಗೆ ಮುಟ್ಟಿಸಬೇಕಿತ್ತು. ಸಮಿತಿ ಬರುವ ಸುದ್ದಿಯನ್ನೇನೋ ಮುಟ್ಟಿಸಿದರು. ಉಳಿದದ್ದನ್ನು ಹೋಗಿಯೇ ಹೇಳೋಣ ಅಂತಿದ್ದವರು, ಹೆಗ್ಗರಣೆಯಲ್ಲಿ ಭಾವನ ಮನೆ ತಿಥಿ ಅಂತ ಹೋಗಿ, ವಡೆ ಹೆಚ್ಚಾಗಿ ಹೊಟ್ಟೆ ಕೆಟ್ಟು ಅಲ್ಲೇ ಮಲಗಿಬಿಟ್ಟರು.

ಇತ್ತ ಮಾದ್ಲಕೊಪ್ಪದಲ್ಲಿ ಏನಾಯಿತು ಕೇಳಿ. ದೊಡ್ಡ ಸಾಹೇಬರು ಬರುತ್ತಾರೆ ಅಂದರೆ ನಮ್ಮ ಊರುಗಳಲ್ಲಿ ಮಾಡುವ ಕೆಲಸ ಒಂದೇ. ಶಾಲೆ ತನಿಖೆಗೆ ಬಂದರೆ ಶಾಲೆ ತೊಳೆಯುತ್ತಾರೆ, ಆಸ್ಪತ್ರೆ ತನಿಖೆಗೆ ಬಂದರೆ ರೋಗಿಗಳನ್ನೂ ತೊಳೆಯುತ್ತಾರೆ. ಕಸ ನೋಡಲು ಬರುವವರಿಗೆ ಕಸ ತೋರಿಸುವುದು ಅಂದರೆ? ಬಂದ ಬೀಗರ ಮುಂದೆ ಮುಸುರೆ ಪಾತ್ರೆ ಹರವಿದ ಹಾಗೆ! ಮುಂದೆ ನಿಂತವಳು ಬೇರೆ ಯಾರೂ ಅಲ್ಲ, ಸಿದ್ದವ್ವನೇ. ಮೂವತ್ತು ಹೆಂಗಸರನ್ನು ಕಟ್ಟಿಕೊಂಡು, ಬುಧವಾರ ಬೆಳಿಗ್ಗೆ ಎಂಟಕ್ಕೆ ದಾವೂದನಿಗೆ ಫೋನು ಮಾಡಿದಳು.

“ದಾವೂದಣ್ಣಾ, ಟೆಂಪೋ ತಗೊಂಡ ಬಾ. ಗುಂಡಿ ಹಸನ ಮಾಡೂದೈತಿ. ನಾಳಿ ಸಾಹೇಬ್ರು ಬರ್ತಾರ. ಮಾದ್ಲಕೊಪ್ಪದವ್ರು ಹೇಸಿ ಮಂದಿ ಅಂತ ಬರಕೊಂಡ ಹೋಗಬಾರ್ದ ನೋಡು.”

ಮೂವತ್ತು ಹೆಂಗಸರಲ್ಲಿ ಯಾರಿಗೂ ತಿಳಿಯದ ಸಂಗತಿ ದಾವೂದನಿಗೆ ಆ ಕ್ಷಣವೇ ತಿಳಿಯಿತು. ಗುಂಡಿ ತೊಳೆದರೆ ಕೇಸೂ ತೊಳೆದು ಹೋಗುತ್ತದೆ. ನಾಲ್ಕೈದು ಸಲ ವಕೀಲೆಯ ಪಕ್ಕ ಕೂತು ಕಲಿತ ಪಾಠ. “ಬ್ಯಾಡ ಸಿದ್ದವ್ವಾ, ಮುಟ್ಟಬ್ಯಾಡ” ಅಂದಿದ್ದರೆ ಅವತ್ತೇ ನಿಲ್ಲುತ್ತಿತ್ತು. ಅನ್ನಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು ಅವನಿಗೆ. ಕಸ ಹೋಯಿತು, ಕೇಸು ಹೋಯಿತು, ಟೆಂಪೋ ಉಳಿಯಿತು. ಮಾಡುವವರು ಬೇರೆ ಯಾರೋ, ಪಾಪವೂ ತನಗಿಲ್ಲ. “ಈಗ ಬಂದೆ,” ಎಂದ.

ಶಂಭುಲಿಂಗನಿಗೂ ವಿಷಯ ತಿಳಿಸಿದ. ತಕ್ಷಣ ಧ್ವನಿ ಸಂದೇಶ ಬಂತು, ನಗುವಿನಿಂದಲೇ ಶುರು: “ಶಾಭಾಸ್ ದಾವೂದಾ! ಆ ಹೆಂಗಸ್ರು ತಾವ ತಗೀತಾರ ಅಂದ್ರ ದೇವ್ರು ನಮ್ಮ ಕಡೆ ಅದಾನ. ಎಲ್ಲಾ ತಂದು ನನ್ನ ಹಳೇ ಗೋದಾಮಿಗೆ ತುಂಬು. ಯಾರಿಗೂ ಸುಳಿವ ಹತ್ತಬಾರ್ದು.”

ಬುಧವಾರವಿಡೀ ಹೆಂಗಸರು ಬುಟ್ಟಿ ಹೊತ್ತರು. ಮೇಲಿನ ಕಸ ಮೂರು ಲೋಡಾಗಿ ಗೋದಾಮು ಸೇರಿತು. ಅಡಿಯಲ್ಲಿದ್ದದ್ದರ ಮೇಲೆ ಜೆಸಿಬಿ ತರಿಸಿ ಕೆಮ್ಮಣ್ಣು ಎಳೆದರು. ನಾಲ್ಕನೇ ಲೋಡು ತುಂಬುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ತಾಡಪಾಲು ಹೊದೆಸಿ ಟೆಂಪೋವನ್ನು ಶಾಲೆಯ ಪಕ್ಕ ನಿಲ್ಲಿಸಿ ದಾವೂದ್ ಬಸ್ಸಿನಲ್ಲಿ ಮನೆಗೆ ಬಂದ.

ಗುರುವಾರ ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿ ಮದುವೆ ಮಂಟಪವಾಗಿತ್ತು. ಸುತ್ತ ಬ್ಲೀಚಿಂಗ್ ಪುಡಿಯ ಬಿಳಿ ಗೆರೆ, ದಾರಿಯುದ್ದಕ್ಕೂ ಸಗಣಿ ಸಾರಿಸಿ ರಂಗೋಲಿ, ಎರಡು ಬಾಳೆಕಂಬ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಒಳಗೆ ಹೋಳಿಗೆಯ ವಾಸನೆ. ದಾವೂದ್ ನಾಲ್ಕನೇ ಲೋಡು ಒಯ್ದು ಬರುತ್ತೇನೆ ಎಂದ. ಸಿದ್ದವ್ವ ಬಿಡಲಿಲ್ಲ. “ಉಂಡ ಹೋಗು. ನಿನ್ನಿ ಕತ್ತಿ ಹಂಗ ದುಡದಿ.”

ಹನ್ನೊಂದಕ್ಕೆ ಸಮಿತಿ ಬಂತು. ಜೊತೆಗೆ ವೇದಾ, ಶಂಭುಲಿಂಗನ ವಕೀಲ, ಮತ್ತು ಹೊಟ್ಟೆ ಹಿಡಿದುಕೊಂಡು ಅನಂತಮೂರ್ತಿ. ಶಂಭುಲಿಂಗನೂ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಗುಂಡಿ ನೋಡಿದ ವೇದಾ ಅನಂತಮೂರ್ತಿಯವರ ಕಡೆ ತಿರುಗಿದಳು. ಸಮಿತಿಯ ಹಿರಿಯ ಅಧಿಕಾರಿ ಸುತ್ತಲೂ ನೋಡಿ, “ಇಷ್ಟು ಸ್ವಚ್ಛವಾದ ಹಳ್ಳಿ ನಾನು ನೋಡೇ ಇಲ್ಲ,” ಎಂದರು. ನಿಜವಾಗಿಯೇ ಮೆಚ್ಚಿಕೊಂಡಿದ್ದರು ಪಾಪ. ಅಗೆದು ನೋಡಿ ಎಂದಳು ವೇದಾ. ಅಗೆಯಿರಿ ಅಂತ ನಮ್ಮ ಆದೇಶದಲ್ಲಿಲ್ಲ, ಕಂಡದ್ದನ್ನು ಬರೆಯುತ್ತೇವೆ ಎಂದರು. ಬರೆದುಕೊಂಡರು. ಆಮೇಲೆ ಊರಿನವರ ಒತ್ತಾಯಕ್ಕೆ ಎಲೆಯ ಮುಂದೆ ಕೂತರು.

ಅನಂತಮೂರ್ತಿ ಶಾಲೆಯ ಹಿಂದೆ ಸಿದ್ದವ್ವನನ್ನು ಕರೆದು ನಡೆದದ್ದನ್ನು ಬಿಡಿಸಿ ಹೇಳಿದರು. ಅಲ್ಲೇ ಟೆಂಪೋಕ್ಕೆ ಒರಗಿ ನಿಂತಿದ್ದ ದಾವೂದ್, ಈಗ ಅವಳು ಮಾಸ್ತರರ ಏಳು ತಲೆಮಾರು ತೊಳೆಯುತ್ತಾಳೆ ಅಂತ ಕಾದ. ಸಿದ್ದವ್ವ ಬೈಯಲಿಲ್ಲ. ಹಾಗೇ ನೆಲಕ್ಕೆ ಕೂತಳು. ಎರಡೂ ಕೈಯಿಂದ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. “ನನ್ನ ಕೆರಿ ನಾನ ಕೊಂದ್ನೆಲ್ಲೋ ಮಾಸ್ತರಾ! ಯಾರ ಮಾಡಿದ್ರೂ ಬೈತಿದ್ದೆ. ನಾನ ಮಾಡೀನಲ್ಲ, ಇನ್ನ ಯಾರಿಗೆ ಬೈಲಿ? ಬುದ್ಧಿ ಇಲ್ಲದ ಮುದುಕಿ, ಸಾಯಬೇಕಿತ್ತ ನಾ.”

ಅನಂತಮೂರ್ತಿ ಹೆದರಿ, ಹಿಂದೆಯೇ ಬಂದಿದ್ದ ವೇದಾಳ ಕಡೆ ತಿರುಗಿ ಪಿಸುಗುಟ್ಟಿದರು. “ಟೆಂಪೋದಲ್ಲಿ ಇನ್ನೂ ಒಂದು ಲೋಡು ಉಂಟು. ಅವರು ಊಟ ಮುಗಿಸೋದರೊಳಗೆ ಮತ್ತೆ ಸುರಿದುಬಿಟ್ರೆ ಎಂತ?”

“ಮುಟ್ಟಬೇಡಿ,” ಎಂದಳು ವೇದಾ. “ಅವರು ಹಾಕಿದ್ದು ಸಾಕ್ಷಿ. ನಾವು ಸುರಿದರೆ ಅದು ಮೋಸ, ಕೇಸೂ ಹೋಗುತ್ತೆ, ನನ್ನ ವಕೀಲಿ ಸನದೂ ಹೋಗುತ್ತೆ. ಇನ್ನು ಉಳಿದಿರೋದು ಒಂದೇ ದಾರಿ. ಇದನ್ನ ಎಲ್ಲಿಂದ ತಂದದ್ದು ಅಂತ ತಂದವನೇ ಬಾಯಿ ಬಿಡಬೇಕು. ಅವನನ್ನ ಎಲ್ಲಿ ಹುಡುಕೋದು?”

ಹುಡುಕಬೇಕಾದವನು ಎರಡು ಮಾರು ದೂರದಲ್ಲಿ ನಿಂತಿದ್ದ. ದಾವೂದನ ಕಣ್ಣ ಮುಂದೆ ಠಾಣೆಯ ಹಿಂದಿನ ಆಲದ ಗಿಡ. ಸುಮ್ಮನಿರು, ಇನ್ನು ಅರ್ಧ ಗಂಟೆ, ಎಲ್ಲ ಮುಗಿಯಿತು, ಅಂತ ತಲೆ ಹೇಳುತ್ತಿತ್ತು. ಆದರೆ ಸಿದ್ದವ್ವ ತನಗೆ ತಾನೇ ಬೈದುಕೊಳ್ಳುವುದನ್ನು ನಿಲ್ಲಿಸುತ್ತಲೇ ಇಲ್ಲ. ಎರಡು ವರ್ಷ ಅವಳು ಊರಿನವರಿಗೆಲ್ಲ ಬೈದದ್ದನ್ನು ಕಟ್ಟೆಯ ಮೇಲೆ ಕೂತು ನಗುತ್ತ ಕೇಳಿದ್ದವನು ಅವನು. ಇದನ್ನು ಕೇಳಲಾಗಲಿಲ್ಲ. ನಾಚಿಕೆಯಾಯಿತು, ಮೈ ತುಂಬ ನಾಚಿಕೆ. ಇವಳು ಬೈಯಬೇಕಾದದ್ದು ನನಗೆ, ನನ್ನ ಪಾಲಿನದನ್ನೂ ತಾನೇ ತಿನ್ನುತ್ತಿದ್ದಾಳೆ ಅನ್ನಿಸಿತು.

“ಯಾ ಅಲ್ಲಾ,” ಎಂದು ಟೆಂಪೋ ಹತ್ತಿದ.

ಶಾಮಿಯಾನದಲ್ಲಿ ಎರಡನೇ ಹೋಳಿಗೆ ಬಡಿಸುತ್ತಿದ್ದಾಗ ಟೆಂಪೋ ಹಿಮ್ಮುಖವಾಗಿ ಬಂತು. ರಿವರ್ಸ್ ಹಾಕಿದರೆ ಅದು ಮದುವೆ ಮನೆಯ ಓಲಗದ ಹಾಗೆ ಕೂಗುತ್ತದೆ. ಊಟಕ್ಕೆ ಕೂತವರು ಇನ್ನೇನೋ ತಿಂಡಿ ಬಂತು ಅಂತ ತಿರುಗಿ ನೋಡಿದರು. ದಾವೂದ್ ಇಳಿದು ತಾಡಪಾಲು ಎಳೆದು ಹಿಂದಿನ ಹಲಗೆ ಬಿಚ್ಚಿದ. ಸುರಿಯಲಿಲ್ಲ, ತೋರಿಸಿದ. ಕೆಂಪು ರಾಡಿಯಲ್ಲಿ ಅದ್ದಿದ ಸಾವಿರಾರು ಪೊಟ್ಟಣ, ಪೊಟ್ಟಣದ ಮೇಲೆಲ್ಲ ಶಂಭುಲಿಂಗನ ಸುಪಾರಿಯ ನಗುವ ನವಿಲು.

“ಸಾಹೇಬ್ರೆ, ಊಟ ನಿಲ್ಸಿ ಅನ್ನೋದಿಲ್ಲ, ಉಣ್ತಾ ಕೇಳಿ,” ಎಂದ. “ಇದು ನಿನ್ನೆ ಈ ಗುಂಡಿಯಿಂದ ತೆಗೆದದ್ದು. ತೆಗೆದು ಒಯ್ದವ ನಾನು. ಮೂರು ಲೋಡು ಸಾವಕಾರ್ರ ಹಳೇ ಗೋದಾಮಲ್ಲಿ ಉಂಟು, ಈಗಲೇ ಬನ್ನಿ ತೋರಿಸ್ತೆ. ಮಣ್ಣಿನಡಿಗೆ ಇನ್ನೂ ಉಂಟು. ಎರಡು ವರ್ಷ ಇಲ್ಲಿ ತಂದು ಹಾಕಿದವನೂ ನಾನೇ. ಟೆಂಪೋ ದಾವೂದ್. ಶಿರಸೀಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.”

“ಹುಚ್ಚ ಹಿಡದೈತಿ ಅವಗ!” ಎಂದು ಶಂಭುಲಿಂಗ ಎದ್ದ. “ನಾನು ಇವನ ಮುಖಾನ ನೋಡಿಲ್ಲ.”

“ಮುಖ ನೋಡಿಲ್ಲ, ಖರೆ. ಫೋನೇ ಮಾಡೋದು,” ಎಂದು ದಾವೂದ್ ಫೋನು ತೆಗೆದು ದನಿ ಪೂರ್ತಿ ಏರಿಸಿ ಒತ್ತಿದ. ಸಂದೇಶ ಅಳಿಸುವುದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಮಿಯಾನದ ತುಂಬ ಶಂಭುಲಿಂಗನ ದನಿ ಮೊಳಗಿತು. “ಶಾಭಾಸ್ ದಾವೂದಾ! ಆ ಹೆಂಗಸ್ರು ತಾವ ತಗೀತಾರ ಅಂದ್ರ ದೇವ್ರು ನಮ್ಮ ಕಡೆ ಅದಾನ…” ಹೋಳಿಗೆ ಬಡಿಸುತ್ತಿದ್ದವರು ಆ ಹೆಂಗಸರೇ. ಒಬ್ಬಳು ಸಾವಕಾರನ ಎಲೆಯಿಂದ ಹೋಳಿಗೆ ವಾಪಸ್ ಎತ್ತಿಕೊಂಡಳು.

ಹಿಂದಿನ ಸಂದೇಶಗಳನ್ನು ವೇದಾ ಎಣಿಸಿದಳು. ನೂರಾ ಎಂಬತ್ತೇಳು, ಒಂದೊಂದಕ್ಕೂ ಒಂದೊಂದು ಲೋಡು. ಸಮಿತಿಯವರು ಕೈ ತೊಳೆದುಕೊಂಡು, ಬರೆದದ್ದನ್ನು ಹರಿದು, ಮತ್ತೆ ಬರೆಯಲು ಕೂತರು. ಸಂಜೆ ಮಹಜರು ಮುಗಿಯುವಾಗ ಟೆಂಪೋದ ಕೀಲಿ ದಾವೂದನ ಕೈಯಿಂದ ಹೋಯಿತು. ಸಹಿ ಮಾಡುವಾಗ ಅವನು ಅತ್ತ, ಎಲ್ಲರ ಎದುರೇ. ಸಿದ್ದವ್ವ ಎದುರಿಗೆ ಬಂದು ನಿಂತಳು. ಈಗಾದರೂ ಬೈದಾಳು ಅಂತ ಅವನು ತಲೆ ತಗ್ಗಿಸಿದ.

“ನನ್ನ ಕಟ್ಟಿ ಮ್ಯಾಲೆ ಕುಂತು ನನ್ನ ಮಜ್ಜಿಗಿ ಕುಡದಿ,” ಎಂದಳು. ಅಷ್ಟೇ. ಹೋಗಿಬಿಟ್ಟಳು. ಅದಕ್ಕಿಂತ ಅವಳು ಚಪ್ಪಲಿಯಲ್ಲಿ ಹೊಡೆದಿದ್ದರೆ ಚೆನ್ನಾಗಿತ್ತು.

ನಜೀಮಾ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ, “ಮೊದಲ ಲೋಡಿಗೇ ಇದನ್ನ ಹೇಳಿದ್ರೆ ಟೆಂಪೋನೂ ಇರ್ತಿತ್ತು, ಮರ್ಯಾದೆನೂ ಇರ್ತಿತ್ತು,” ಎಂದಳು. ನಾಲ್ಕು ತಿಂಗಳು ದಾವೂದ್ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ. ದಿನಾ ಠಾಣೆಯ ಹಿಂದೆ ಹೋಗಿ, ಬೇಲಿಯಾಚೆ ನಿಂತಿದ್ದ ‘ಸಾಮಿಯಾ’ಳನ್ನು ನೋಡಿ ಬರುತ್ತಿದ್ದ. ಹಿಂದಿನ ಚಕ್ರ ಕೂತಿತ್ತು. ಗಿಡ ಎದ್ದಿರಲಿಲ್ಲ, ಬಳ್ಳಿ ಹಬ್ಬಿತ್ತು.

ಅಕ್ಟೋಬರಿನಲ್ಲಿ ಆದೇಶ ಬಂತು. ಕಾರ್ಖಾನೆಗೆ ಬೀಗ. ಗುಂಡಿಯ ಕಸವನ್ನೆಲ್ಲ ಸಾವಕಾರನೇ ತನ್ನ ಖರ್ಚಿನಲ್ಲಿ ಎತ್ತಿಸಿ, ತನ್ನದೇ ಕಾರ್ಖಾನೆಯ ಅಂಗಳದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿ ಇಡಬೇಕು, ಅಲ್ಲಿಂದ ಪರವಾನಗಿ ಇದ್ದ ಲಾರಿಗಳು ಒಯ್ಯಬೇಕು. ಕೊನೆಗೆ ಉಳಿದದ್ದು ದಾವೂದನ ಟೆಂಪೋ. ಅದನ್ನು ಬಿಡಲು ಅರ್ಜಿದಾರರ ತಕರಾರು ಇದೆಯೇ ಅಂತ ನ್ಯಾಯಮೂರ್ತಿಗಳು ಪರದೆಯಿಂದಲೇ ಕೇಳಿದರು. ಅನಂತಮೂರ್ತಿಯವರ ಜಗುಲಿಯಲ್ಲಿ ಫೋನಿನ ಮುಂದೆ ಕೂತಿದ್ದ ಸಿದ್ದವ್ವನಿಗೆ ವೇದಾ ಅದನ್ನು ಕನ್ನಡದಲ್ಲಿ ಹೇಳಿದಳು. ದಾವೂದ್ ಮೂಲೆಯಲ್ಲಿ ನಿಂತಿದ್ದ.

“ತಕರಾರು ಐತಿ,” ಎಂದಳು ಸಿದ್ದವ್ವ.

ದಾವೂದ್ ಗೋಡೆಗೆ ಆನಿಕೊಂಡ.

“ನೂರಾ ಎಂಬತ್ತೇಳು ಲೋಡು ತಂದಾನ, ಅದರಾಗ ನಾಕು ತಗದಾನ. ಉಳದದ್ದ ಯಾರ ತಗೀತಾರ? ಬ್ಯಾರೆ ಗಾಡಿ ಬ್ಯಾಡ. ಇವನ ಗಾಡಿನ ಬಿಡ್ರಿ, ಇವನ ಹೊರಲಿ. ಎಲ್ಲಾ ಹೊತ್ತ ಮ್ಯಾಲ ಮನಿಗೆ ಒಯ್ಯಲಿ. ಮತ್ತ ಇವನ ಮ್ಯಾಲ ನಂಗ ನಂಬಿಗಿ ಇಲ್ಲ, ಪ್ರತಿ ಲೋಡಿಗೂ ಪಕ್ಕದಾಗ ನಾ ಕೂಡ್ರತೀನಿ. ಇದನ್ನೂ ಬರಸ್ರಿ.”

ವೇದಾ ಇಂಗ್ಲಿಷಿಗೆ ಹಾಕಿದಳು. ಪರದೆಯಲ್ಲಿ ನ್ಯಾಯಮೂರ್ತಿಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರೆಸಿದರು.

ಬಳ್ಳಿ ಕಿತ್ತು, ಚಕ್ರಕ್ಕೆ ಗಾಳಿ ಹೊಡೆಸಿ, ಮರುವಾರ ದಾವೂದ್ ಮೊದಲ ಲೋಡು ತುಂಬಿದ. ಸಿದ್ದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಗುಡ್ಡ ಇಳಿಯುವಾಗ ಶುರುವಾದ ಬೈಗುಳ ಬನವಾಸಿ ರಸ್ತೆ ಸೇರುವವರೆಗೂ ನಿಲ್ಲಲಿಲ್ಲ. ಅವನಪ್ಪನಿಂದ ಹಿಡಿದು ಹೊಟ್ಟೆಯವರೆಗೆ ಏನನ್ನೂ ಬಿಡಲಿಲ್ಲ. ದಾವೂದ್ ಒಂದಕ್ಕೂ ನಗಲಿಲ್ಲ, ಆದರೆ ಎದೆ ಹಗುರಾಗುತ್ತಿತ್ತು. ಕಾರ್ಖಾನೆಯ ಗೇಟು ಮುಚ್ಚಿತ್ತು. ಒಳಗೆ, ಮಾಳಿಗೆಯ ಕಿಟಕಿಯಲ್ಲಿ, ಬಿಳಿ ಅಂಗಿಯೊಂದು ಪರದೆಯ ಹಿಂದೆ ಸರಿಯಿತು.

“ಹಾರ್ನ್ ಹೊಡಿ,” ಎಂದಳು ಸಿದ್ದವ್ವ.

ಹೊಡೆದ.

“ಅದೇನ ಬೆಕ್ಕ ಕೂಗಿದ್ಹಂಗ? ಸರಿಯಾಗಿ ಹೊಡಿ.”

ಗೇಟು ತೆರೆಯುವವರೆಗೂ ದಾವೂದ್ ಕೈ ತೆಗೆಯಲಿಲ್ಲ.